ಅಪ್ಪನ ಬಗ್ಗೆ ಬರೆಯುವಾಗ

ಅಪ್ಪ ಹೋದ ಮೇಲೆ ಅವರ ಬಗ್ಗೆ ಸ್ವಲ್ಪ ಸ್ವಲ್ಪ ಬರೆದಿಡುತ್ತಿದ್ದೇನೆ. ಸಾವಿನ ಬಗ್ಗೆ ಬರೆಯಲು ಕೂತರೆ ಕೈ ಓಡೋದಿಲ್ಲ. ಬ್ಯಾಡಗಿ ಮಾರ್ಕೆಟ್ಟಿನಿಂದ ಶುರು ಮಾಡಿದರೆ ಮಾತ್ರ ಅಪ್ಪ ತಾವಾಗೇ ಬರುತ್ತಾರೆ. ಅಲ್ಲಿ ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮೆಣಸಿನಕಾಯಿಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿಕೊಡುತ್ತಿದ್ದರು. ಗುಂಡಗೆ, ಸುಕ್ಕು ಸುಕ್ಕಾಗಿರೋದು ಡಬ್ಬಿ. ಉದ್ದಕ್ಕೆ, ತೆಳ್ಳಗಿರೋದು ಕಡ್ಡಿ. ಬಣ್ಣ ಜಾಸ್ತಿ, ಖಾರ ಕಡಿಮೆ, ಅದಕ್ಕೇ ಬ್ಯಾಡಗಿ ಕಾಯಿಗೆ ಅಷ್ಟು ಹೆಸರು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು ಸಿಕ್ಕಾಗ, ತಾವೇ ಬೆಳೆದವರ ಹಾಗೆ ಖುಷಿಪಟ್ಟು ಮನೆಗೆ ಧಾರವಾಡ ಪೇಢೆ ತಂದಿದ್ದರು. ಸಂಜೆ ಅವರ ಅಂಗಿಯ ಘಾಟಿಗೆ ನಮಗೆಲ್ಲ ಸೀನು.

ಆದರೆ ಇವರು ನಾನು ಕಂಡ ಅಪ್ಪ. ಹುಬ್ಬಳ್ಳಿಯಲ್ಲಿರುವ ಅಕ್ಕ ಕಂಡ ಅಪ್ಪ ಬೇರೆ. ಅವಳ ಕಾಲೇಜಿಗೆ ಸಾಲ ಮಾಡಿ, ನಿದ್ದೆ ಇಲ್ಲದೆ ಕಟ್ಟೆ ಮೇಲೆ ಕೂತಿರುತ್ತಿದ್ದ ಮನುಷ್ಯ. ನಾನಾಗ ತೀರಾ ಸಣ್ಣವನು, ಏನೂ ಗೊತ್ತಿರಲಿಲ್ಲ. ಅದಕ್ಕೇ ಬರೆದದ್ದನ್ನು ಮೊದಲು ಅವಳಿಗೆ ಫೋನಿನಲ್ಲಿ ಓದುತ್ತೇನೆ. ಇಬ್ಬರೂ ಅಳುತ್ತೇವೆ. ಆಮೇಲೆ ಅವಳು ಇನ್ನೊಂದು ನೆನಪು ತೆಗೆಯುತ್ತಾಳೆ.

ಅವ್ವ ಹೇಳಿದ್ದು ಒಂದೇ ಮಾತು. "ಎಲ್ಲಾ ಬರಿ, ದವಾಖಾನಿ ದಿನಾ ಅಷ್ಟ ಬಿಡಪಾ."

ಬಿಟ್ಟಿದ್ದೇನೆ. ಆ ದಿನಗಳಲ್ಲಿ ಹಾಸಿಗೆ ಪಕ್ಕ ಹಗಲು ರಾತ್ರಿ ಕೂತವಳು ಅವ್ವ. ಬರೆಯಲು ಬರುತ್ತದೆ ಅಂತ ಸುಮ್ನೆ ಅದನ್ನು ನನ್ನದು ಮಾಡಿಕೊಳ್ಳೋಕೆ ಆಗಲ್ಲ ಅಲ್ವಾ?

ಮುಂದಿನದು ಅಪ್ಪನ ಸೈಕಲ್ಲಿನ ಬಗ್ಗೆ. ಅಕ್ಕ ಈ ಭಾನುವಾರ ಊರಿಗೆ ಬರ್ತಾಳೆ, ಇಬ್ಬರೂ ಕೂತು ಬರೆಯುತ್ತೇವೆ.