ಮುಟ್ಟಿದರೆ ಮುನಿಯ ಗಾಣ

ಹೋದ ಚಳಿಗಾಲದಲ್ಲಿ ಪಾವಗಡದ ಕಡೆಯ ಮಿಲ್ಲೊಂದರಿಂದ ನಮ್ಮ ಗಾಣಕ್ಕೆ ಹನ್ನೆರಡು ಮೂಟೆ ಕಡಲೇಬೀಜ ಬಂದಿತ್ತು. ಆರು ಮೂಟೆ ಇಳಿಸುವವರೆಗೆ ಏನೂ ಅನ್ನಿಸಲಿಲ್ಲ. ಏಳನೆಯದರ ಹೊಲಿಗೆ ಬಿಚ್ಚಿದ ಕ್ಷಣ, ಎರಡು ಮಾರು ದೂರದಲ್ಲಿ ನಿಂತಿದ್ದ ನನ್ನ ಮೂಗಿಗೆ ತೆಳ್ಳನೆಯ ಮುಗ್ಗಲು ವಾಸನೆ ಬಡಿಯಿತು. ಗಾಣದ ಹುಡುಗ ಬೊಗಸೆ ತುಂಬ ಬೀಜ ಎತ್ತಿ ಮೂಸಿ ನೋಡಿ ಏನೂ ಇಲ್ಲವೆಂದ. ಟೆಂಪೋ ಚಾಲಕ ನಕ್ಕು, "ಏನಕ್ಕಾ, ಇದು ಮೂಗೋ, ಪೊಲೀಸ್ ನಾಯಿ ಮೂಗೋ?" ಎಂದ. ಮೂಟೆಯನ್ನು ತಾರ್ಪಾಲಿನ ಮೇಲೆ ಸುರಿಸಿದಾಗ ತಳದ ಒಂದು ಮೂಲೆ ತೇವವಾಗಿತ್ತು. ಅಲ್ಲಿನ ಬೀಜಗಳ ಸಿಪ್ಪೆ ಮಂಕಾಗಿ, ಸೀಳಿದರೆ ಬೇಳೆಗಳ ನಡುವೆ ಬೂದು ಬಣ್ಣದ ಎಳೆಗಳು ಕಾಣಿಸುತ್ತಿದ್ದವು. ಆ ಮೂಟೆ ಅದೇ ಟೆಂಪೋದಲ್ಲಿ ವಾಪಸು ಹೋಯಿತು.

ಇಂಥ ಬೂಸ್ಟಿನಿಂದಲೇ ಕಡಲೇಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಎಣ್ಣೆಯನ್ನು ಶುದ್ಧೀಕರಿಸುವಾಗ ಅದು ಬಹುಮಟ್ಟಿಗೆ ಹೊರಟುಹೋಗುತ್ತದೆ, ಆದರೆ ಮರದ ಗಾಣದ ಎಣ್ಣೆಯನ್ನು ನಾವು ತಿಳಿಯಾಗಲು ಬಿಟ್ಟು ಸೋಸುತ್ತೇವೆಯೇ ಹೊರತು ಮತ್ತೇನೂ ಮಾಡುವುದಿಲ್ಲ. ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಆ ಹಿಂಡಿ ಹಸುವಿನ ಹೊಟ್ಟೆಗೆ ಹೋಗಿ ಹಾಲಿನಲ್ಲಿ ಮತ್ತೊಂದು ರೂಪದಲ್ಲಿ ಬರುತ್ತದೆ. ಹಾಗಾಗಿ ಗಾಣದ ವ್ಯಾಪಾರದಲ್ಲಿ ಜರಡಿ ಎನ್ನುವುದೇನಿದ್ದರೂ ಬೀಜ ಕೊಳ್ಳುವಾಗಲೇ ಇರಬೇಕು. ನನ್ನ ಜರಡಿ ನನ್ನ ಮೂಗು.

ಇದೇ ಮೂಗು, ಇದೇ ಕಿವಿ, ಇದೇ ಮನಸ್ಸಿನ ಕಾರಣಕ್ಕೆ ಮನೆಯಲ್ಲಿ ನನಗೆ ಚಿಕ್ಕಂದಿನಿಂದ ಬಿದ್ದ ಹೆಸರು "ಮುಟ್ಟಿದರೆ ಮುನಿ". ಮದುವೆಮನೆಯ ವಾಲಗಕ್ಕೆ ತಲೆನೋವು, ಯಾರಾದರೂ ಪಕ್ಕದ ಮನೆಯಲ್ಲಿ ಜಗಳವಾಡಿದರೆ ನನಗೆ ಊಟ ಸೇರದು, ಮೇಷ್ಟ್ರು ಬೇರೆಯವರನ್ನು ಬೈದರೂ ಕಣ್ಣಲ್ಲಿ ನೀರು. ಅದು ದೌರ್ಬಲ್ಯವೆಂದೇ ನಂಬಿಕೊಂಡಿದ್ದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ ಇಂಥ ಅತಿ ಸೂಕ್ಷ್ಮ ಸಂವೇದನೆಯವರ ಬಗ್ಗೆ ಅಧ್ಯಯನ ನಡೆಸಿ, ತಮ್ಮ ಪತಿ ಆರ್ಥರ್ ಆರನ್ ಜೊತೆ 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 27 ಪ್ರಶ್ನೆಗಳ ಒಂದು ಅಳತೆಗೋಲು ಕೊಟ್ಟಿದ್ದಾರೆಂದು ತಿಳಿದದ್ದು ಬಹಳ ತಡವಾಗಿ. ಅವರ ಪ್ರಕಾರ ಇದು ಕಾಯಿಲೆಯಲ್ಲ, ನಾಚಿಕೆಯೂ ಅಲ್ಲ. ನೂರರಲ್ಲಿ ಸುಮಾರು 15ರಿಂದ 20 ಜನರಲ್ಲಿರುವ ಹುಟ್ಟುಗುಣ. ಹೊರಗಿನದ್ದನ್ನು ಮನಸ್ಸು ಆಳಕ್ಕೆ ಎಳೆದುಕೊಂಡು ಅರೆಯುತ್ತದೆ, ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ, ಅದೇ ಕಾರಣಕ್ಕೆ ಬೇಗ ದಣಿಯುತ್ತದೆ. ಇದನ್ನು ದೈವದತ್ತ ವರವೆಂದು ಹಾಡಿ ಹೊಗಳುವವರೂ ಈಗ ಇದ್ದಾರೆ. ಗಾಣ ಶುರುಮಾಡಿದ ಮೊದಲ ಆರು ತಿಂಗಳು ನನ್ನ ಜೊತೆ ಇದ್ದಿದ್ದರೆ ಅವರು ಹಾಗೆನ್ನುತ್ತಿರಲಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಕೆಲಸವನ್ನು ಒಂಬತ್ತು ವರ್ಷ ಮಾಡಿ ಬಿಟ್ಟಾಗ ನಮ್ಮ ಮಾವ ಹೇಳಿದ್ದು ಒಂದೇ ಮಾತು: "ವ್ಯಾಪಾರಕ್ಕೆ ದಪ್ಪ ಚರ್ಮ ಬೇಕಮ್ಮ." ಕಾಗದಪತ್ರದ ಕೆಲಸ ನಾನು ಹೆದರಿದ್ದಷ್ಟು ಕಷ್ಟವಿರಲಿಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್ ಸಂಖ್ಯೆಯಿಂದ ಮನೆಯಲ್ಲೇ ಪುಕ್ಕಟೆಯಾಗಿ ಆಯಿತು. ಆಹಾರ ಸುರಕ್ಷತೆಯ ಸಣ್ಣ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ ಶುಲ್ಕ.

ಜಾಗ ಆರಿಸುವುದರಲ್ಲಿ ನಾನು ಎಲ್ಲರ ಮಾತು ಮೀರಿದೆ. ಬಿ.ಎಚ್. ರಸ್ತೆಯಲ್ಲಿ ಒಳ್ಳೆಯ ಮಳಿಗೆಯೊಂದು ಸಿಗುವುದರಲ್ಲಿತ್ತು. ಅಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ನೋಡಿದೆ. ಬಸ್ಸುಗಳ ಹಾರ್ನ್, ಪಕ್ಕದ ಮೊಬೈಲ್ ಅಂಗಡಿಯ ಧ್ವನಿವರ್ಧಕ, ಅದರ ಮೇಲೆ ನನ್ನ ಮೋಟಾರಿನ ಸದ್ದೂ ಸೇರಿದರೆ ಸಂಜೆಯ ಹೊತ್ತಿಗೆ ನಾನು ಗಿರಾಕಿಗಳ ಮೇಲೆ ಸಿಡುಕುವುದು ಖಂಡಿತವೆನ್ನಿಸಿತು. ಕ್ಯಾತ್ಸಂದ್ರದ ಕಡೆ ಒಳರಸ್ತೆಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದೆ. ಗಾಣ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಾತ್ರ ತಿರುಗುತ್ತದೆ, ಮಾರಾಟ ಸಂಜೆ ನಾಲ್ಕರಿಂದ ಏಳರವರೆಗೆ. ನಡುವಿನ ಹೊತ್ತು ಫೋನಿಗೂ ಬಾಯಿಲ್ಲ. ಹೀಗೆ ಮಾಡಿದರೆ ವ್ಯಾಪಾರ ಕಮ್ಮಿಯಾಗುತ್ತದೆ ಎಂದರು, ಕಮ್ಮಿಯೂ ಆಯಿತು. ಆದರೆ ಮೂರು ವರ್ಷವಾದರೂ ಗಾಣ ನಿಂತಿಲ್ಲ. ತಟ್ಟೆ ಇಡ್ಲಿಗೆಂದು ಆ ಕಡೆ ಬರುವವರು ಊರಿಗೆ ಹಿಂತಿರುಗುವಾಗ ಎಣ್ಣೆ ಒಯ್ಯುವುದು ನಾನು ಲೆಕ್ಕ ಹಾಕದಿದ್ದ ಲಾಭ.

ಚೌಕಾಸಿ ಮಾತ್ರ ನನ್ನನ್ನು ಹಿಂಡಿಬಿಟ್ಟಿತು. ಅಂಗಡಿಯಲ್ಲಿ ಇದರ ಅರ್ಧ ಬೆಲೆಗೆ ಪಾಕೀಟು ಸಿಗುತ್ತದಲ್ಲ ಎಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ಅವರು ಬಾಯಿ ಬಿಟ್ಟು ಕೇಳುವ ಮೊದಲೇ ನಾನು ನಲವತ್ತು ರೂಪಾಯಿ ಇಳಿಸಿರುತ್ತಿದ್ದೆ. ಒಂದು ಕಿಲೋ ಎಣ್ಣೆಗೆ ಎರಡೂವರೆ ಕಿಲೋ ಬೀಜ ಬೇಕೆಂಬ ಲೆಕ್ಕ ನನಗೆ ಗೊತ್ತಿತ್ತು. ಎದುರಿಗಿರುವವರ ಮುಖ ಬಾಡುವುದನ್ನು ನೋಡಲಾಗದೆ ಆ ಲೆಕ್ಕ ಮರೆತುಹೋಗುತ್ತಿತ್ತು. ಕೊನೆಗೆ ಗೋಡೆಗೆ ಒಂದು ಕರಿಹಲಗೆ ಹಾಕಿ, ಆ ವಾರದ ಬೀಜದ ಬೆಲೆ, ಇಳಿದ ಎಣ್ಣೆ, ಕೂಲಿ, ಬಾಟಲಿಯ ಖರ್ಚು, ಮಾರುವ ಬೆಲೆ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಯತೊಡಗಿದೆ. ಈಗ ಜನ ನನ್ನ ಜೊತೆಯಲ್ಲ, ಹಲಗೆಯ ಜೊತೆ ವಾದ ಮಾಡುತ್ತಾರೆ. ಕೂಲಿ ಹೆಚ್ಚಾಯಿತೆಂದು ಒಬ್ಬರು, ಕಡಿಮೆ ಕೊಡುತ್ತಿದ್ದೀರೆಂದು ಇನ್ನೊಬ್ಬರು ಹೇಳಿದ್ದಾರೆ. ಎರಡನ್ನೂ ನಿದ್ದೆ ಕೆಡಿಸಿಕೊಳ್ಳದೆ ಕೇಳಿಸಿಕೊಂಡೆ.

ಉದ್ರಿಯ ಕತೆ ಇದಕ್ಕಿಂತ ದೊಡ್ಡದು. ಊರಿನ ಹೋಟೆಲೊಂದು ಮೊದಲ ವರ್ಷವೇ ತಿಂಗಳಿಗಿಷ್ಟು ಎಂದು ಎಣ್ಣೆ ತೆಗೆದುಕೊಳ್ಳಲು ಒಪ್ಪಿತು. ಎರಡು ತಿಂಗಳು ಸರಿಯಾಗಿ ದುಡ್ಡು ಬಂತು, ಆಮೇಲೆ ಬಾಕಿ ಬೆಳೆಯುತ್ತ 18,400 ರೂಪಾಯಿಗೆ ಮುಟ್ಟಿತು. ಕೇಳಲೆಂದು ನಾಲ್ಕು ಸಲ ಹೋಗಿದ್ದೇನೆ. ಮಾಲೀಕರು ಕುರ್ಚಿ ಕೊಟ್ಟು, ಕಾಫಿ ತರಿಸಿ, ಮಗಳ ಕಾಲೇಜಿನ ಫೀಸು, ಅಡಿಗೆಯವನು ಕೈಕೊಟ್ಟದ್ದು ಎಲ್ಲ ಹೇಳಿಕೊಳ್ಳುತ್ತಿದ್ದರು. ಅವರ ಕಷ್ಟ ನನ್ನ ಎದೆಯಲ್ಲಿ ಕೂತು, ಬಾಕಿಯ ಮಾತೆತ್ತದೆ, ನಾಚಿಕೆಗೇಡೆಂದರೆ ಒಮ್ಮೆ ಇನ್ನೊಂದು ಡಬ್ಬಿ ಎಣ್ಣೆಗೆ ಒಪ್ಪಿಕೊಂಡೇ ಎದ್ದು ಬಂದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮ ಮಾವ ಆ ರಾತ್ರಿ ಊಟಕ್ಕೆ ಕುಳಿತಾಗ ಎರಡು ಸಲ ಹೇಳಿದರು.

ಆಗ ನೆನಪಾದದ್ದು ಆ ಪುಕ್ಕಟೆ ಉದ್ಯಮ್ ನೋಂದಣಿ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ತಯಾರಕರಿಂದ ಸರಕು ಕೊಂಡವರು, ಬರವಣಿಗೆಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ದೂರು ಕೊಡುವ ಧೈರ್ಯ ನನಗೆ ಬರಲಿಲ್ಲ, ಬರುವುದೂ ಬೇಡವೆನ್ನಿಸಿತು. ಆದರೆ ಬಿಲ್ಲಿನ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸಿ, ಕೆಳಗೆ ನೋಂದಣಿ ಸಂಖ್ಯೆಯನ್ನೂ ಕಾಯ್ದೆಯ ಈ ಎರಡು ಸಾಲನ್ನೂ ಸೇರಿಸಿದೆ. ಹೋಟೆಲಿಗೆ ಹೋಗುವುದನ್ನು ಬಿಟ್ಟೆ. ಕೊಡಿ ಎಂದು ಬೇಡುವ ದನಿ ನನಗಿಲ್ಲ, ಆದರೆ ಪ್ರತಿ ತಿಂಗಳು ಒಂದನೇ ತಾರೀಖು ಒಂದು ಕಾಗದ ಕಳಿಸಲು ದನಿ ಬೇಕಿಲ್ಲ. ಬಾಕಿಯ ಪಟ್ಟಿಯನ್ನು ಗಾಣದ ಹುಡುಗ ಕೊಟ್ಟು ಬರುತ್ತಾನೆ; ಅವನಿಗೆ ಕಾಫಿಯನ್ನೂ ಕೊಡುತ್ತಾರೆ, ಮಗಳ ಫೀಸಿನ ಕತೆಯನ್ನೂ ಹೇಳುತ್ತಾರೆ. ಅವನು ಕಾಫಿ ಕುಡಿದು, ಪಟ್ಟಿಯನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು ಬರುತ್ತಾನೆ.

ದೀಪಾವಳಿಯ ಹೊತ್ತಿಗೆ 5,000 ಬಂತು, ಸಂಕ್ರಾಂತಿಯ ಮರುವಾರ 7,200. ಇನ್ನೂ 6,200 ಉಳಿದಿದೆ. ನಾಳೆ ಒಂದನೇ ತಾರೀಖು. ಪಟ್ಟಿ ಬರೆದು ಕರಿಹಲಗೆಯ ಮೊಳೆಗೆ ಸಿಕ್ಕಿಸಿಟ್ಟಿದ್ದೇನೆ.