ಆಟಿಯ ಮಳೆ, ಒಂದು ಅಪ್‌ಡೇಟ್, ಕೈಕೊಟ್ಟ ವೈಫೈ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಕೆಟ್ಟರೂ ಅದು ಮಳೆಗೇ ಕೆಟ್ಟದ್ದು. ಬಾಗಿಲು ಮುಚ್ಚದಿದ್ದರೆ ಮಳೆ, ಹಪ್ಪಳ ಮೆತ್ತಗಾದರೆ ಮಳೆ, ಉಡುಪಿ ಬಸ್ಸು ತಡವಾದರೆ ಮಳೆ. ಹಾಗಾಗಿ ಈ ಸಲದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ನನ್ನ ಲ್ಯಾಪ್‌ಟಾಪಿನ ವೈಫೈ ಬಿದ್ದು ಬಿದ್ದು ಏಳಲು ಶುರು ಮಾಡಿದಾಗ ಅಮ್ಮ ತಲೆ ಎತ್ತದೆಯೇ ತೀರ್ಪು ಕೊಟ್ಟರು. ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು.

"ಮಳೆಗೆ ಅದು. ನಾಲ್ಕು ಬಿಸಿಲು ಬಂದರೆ ಸರಿಯಾಗ್ತದೆ."

ನಾನೂ ಎರಡು ದಿನ ನಂಬಿದೆ. ನಂಬಬಾರದಿತ್ತು. ನನ್ನ ಹೊಟ್ಟೆಪಾಡೇ ಬೆಂಗಳೂರಿನ ಒಂದು ಕಂಪನಿಯ ಸರ್ವರ್‌ಗಳನ್ನು ಕಟಪಾಡಿಯಲ್ಲಿ ಕೂತು ನೋಡಿಕೊಳ್ಳುವುದು. ಊರಿನವರ ಯಂತ್ರ ಎಲ್ಲಿ ಮುಗ್ಗರಿಸಿತು ಅಂತ ಹುಡುಕಿ ಕೊಡುವವಳು ನಾನು. ಸ್ವಂತ ಮೇಜಿನ ಮೇಲೆ ಇದ್ದದ್ದನ್ನು ಹುಡುಕಲು ಐದು ದಿನ ಬೇಕಾಯಿತು.

ಮನೆಯ ನಕ್ಷೆ ಮೊದಲು ಹೇಳಿಬಿಡುತ್ತೇನೆ. ನಮ್ಮದು ಹಳೆಯ ಹಂಚಿನ ಮನೆ. ರೌಟರ್ ಇರುವುದು ಚಾವಡಿಯಲ್ಲಿ, ಟಿವಿ ಪಕ್ಕ. ನಾನು ಕೂರುವುದು ಒಂದು ಕಾಲದಲ್ಲಿ ಭತ್ತ ತುಂಬಿಸುತ್ತಿದ್ದ ಒಳಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆಗಳು, ಒಂದಲ್ಲ, ಎರಡು. ನಮ್ಮ ರೌಟರ್‌ನ ವೈಫೈ ಎರಡು ಅಲೆಪಟ್ಟಿಗಳಲ್ಲಿ ಬರುತ್ತದೆ, 5 ಗಿಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. 5ರ ಸಿಗ್ನಲ್ ಅಷ್ಟು ದಾಟಿ ಬರುವಷ್ಟರಲ್ಲಿ ಒಂದೇ ಕಡ್ಡಿ ಉಳಿದಿರುತ್ತದೆ. ಅದಕ್ಕೇ ಲ್ಯಾಪ್‌ಟಾಪನ್ನು ಮೊದಲಿನಿಂದಲೂ 2.4 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿದ್ದೇನೆ. ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ಅದು ಗಟ್ಟಿ. ಈ ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. ಮುರಕಲ್ಲಿನ ಮೈತುಂಬಾ ತೂತು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತದೆ. ನೀರು ರೇಡಿಯೋ ಅಲೆಗಳನ್ನು ನುಂಗುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಇದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಗೋಡೆ ಒದ್ದೆಯಾದದ್ದು ಜೂನ್‌ನಲ್ಲಿ. ವೈಫೈ ಕೈಕೊಟ್ಟದ್ದು ಆಟಿ ಅಮಾವಾಸ್ಯೆಯ ದಿನ.

ಆ ದಿನ ಚೆನ್ನಾಗಿ ನೆನಪಿದೆ. ಮಾವ ನಸುಕಿಗೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತಂದ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು, ಮೇಲಿಂದ ಮೆಂತೆ ಗಂಜಿ ಉಂಡು ಕೂತಿದ್ದೆ. ಬಾಯಿಯ ಕಹಿ ಇನ್ನೂ ಹೋಗಿರಲಿಲ್ಲ. ಕೆಲಸ ಕಡಿಮೆ ಇತ್ತು. ತಿಂಗಳಿಂದ ಮುಂದೂಡುತ್ತಾ ಬಂದಿದ್ದ ಸಿಸ್ಟಮ್ ಅಪ್‌ಡೇಟ್ ಇವತ್ತು ಮುಗಿಸಿಬಿಡುವ ಅಂತ ಶುರು ಮಾಡಿದೆ. ನನ್ನದು ಲಿನಕ್ಸ್. ಹೊಸ ಕರ್ನಲ್ (ಸಿಸ್ಟಮ್ಮಿನ ತಿರುಳು), ವೈಫೈ ಕಾರ್ಡಿನ ಹೊಸ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ), ಇನ್ನೂ ನೂರೆಂಟು. ರೀಸ್ಟಾರ್ಟ್ ಆಯಿತು, ಎಲ್ಲ ಸರಿ ಇತ್ತು. ಅರ್ಧ ಗಂಟೆ.

ಆಮೇಲೆ ಶುರುವಾಯಿತು. ದೂರದ ಸರ್ವರ್‌ಗೆ ಲಾಗಿನ್ ಆಗಿ ಟೈಪ್ ಮಾಡಿದರೆ ಅಕ್ಷರ ಮೂಡುವುದಿಲ್ಲ. ಕಾಯಬೇಕು. ಆಮೇಲೆ ಆರೇಳು ಅಕ್ಷರ ಒಟ್ಟಿಗೆ ಉದುರುತ್ತವೆ, ಹಂಚಿನ ಸಂದಿಯಿಂದ ನೀರು ಬಿದ್ದ ಹಾಗೆ. ಮಧ್ಯೆ ಮಧ್ಯೆ ಸಂಪರ್ಕವೇ ಕಡಿದು, ಹತ್ತು ಹದಿನೈದು ಸೆಕೆಂಡಿನಲ್ಲಿ ತಾನಾಗಿಯೇ ಸೇರಿಕೊಳ್ಳುತ್ತದೆ. ಮೀಟಿಂಗ್‌ನಲ್ಲಿ ನನ್ನ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತಂತೆ. ಸುರತ್ಕಲ್‌ನ ಗೆಳತಿ ಅದರ ಫೋಟೋ ಕೂಡ ಕಳಿಸಿದ್ದಾಳೆ. ಇಲ್ಲಿ ಹಾಕುವುದಿಲ್ಲ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರೌಟರ್ ಆಫ್ ಮಾಡಿ ಆನ್ ಮಾಡಿದೆ. ಮರುದಿನ ಮತ್ತೆ ಮಾಡಿದೆ. ಲೈನಿನ ಹುಡುಗನಿಗೆ ಫೋನ್ ಮಾಡಿದೆ. ಪಾಪ, ರೈನ್‌ಕೋಟಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಫೈಬರ್ ಬಿಚ್ಚಿ, ಅದರಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್‌ಗೆ ಸಿಕ್ಕಿಸಿ ತೋರಿಸಿದ. "ಮೈನಸ್ 21 ಉಂಟು ಅಕ್ಕ. 27ರ ಕೆಳಗೆ ಹೋದರೆ ಮಾತ್ರ ತೊಂದರೆ. ಲೈನ್ ಫಸ್ಟ್ ಕ್ಲಾಸ್. ನಿಮ್ಮ ಫೋನಲ್ಲಿ ಬರ್ತದಾ ನೋಡಿ."

ಬರುತ್ತಿತ್ತು. ಅದೇ ಕೋಣೆ, ಅದೇ ವೈಫೈ, ಕಿಟಕಿಯ ಹತ್ತಿರ ಇಟ್ಟ ಫೋನಿನಲ್ಲಿ ಒಂದು ಸಲವೂ ಕಡಿಯಲಿಲ್ಲ. ನಾನು ಮೊದಲ ದಿನವೇ ನೋಡಬೇಕಾಗಿದ್ದದ್ದನ್ನು ಮೂರನೇ ದಿನ ಅವನು ಬಂದು ಹೇಳಿಕೊಟ್ಟ. ಚಹಾ ಕೊಟ್ಟು ಕಳಿಸಿದೆ.

ಅಲ್ಲಿಂದ ಕೆಲಸ ಸರಿದಾರಿಗೆ ಬಂತು. ಇಂಟರ್ನೆಟ್ ಬಿಟ್ಟುಹಾಕಿ, ನೇರ ರೌಟರ್‌ಗೇ, ಅದರ ವಿಳಾಸ 192.168.1.1ಕ್ಕೆ ಪಿಂಗ್ ಕಳಿಸಿದೆ. ಪಿಂಗ್ ಅಂದರೆ ಇದ್ದೀಯಾ ಅಂತ ಕೇಳಿ, ಉತ್ತರ ಬರಲು ಹಿಡಿಯುವ ಹೊತ್ತು ಅಳೆಯುವುದು. ಹೊರಗಿನ ಲೈನಿಗೂ ಇದಕ್ಕೂ ಸಂಬಂಧ ಇಲ್ಲ. ಚಾವಡಿಯಿಂದ ಒಳಕೋಣೆಗೆ ಬರುವ ಗಾಳಿಯ ದಾರಿ ಮಾತ್ರ. 3 ಮಿಲಿಸೆಕೆಂಡಿನಲ್ಲಿ ಬರಬೇಕಾದ ಉತ್ತರ 180, 240, 95, 310 ಅಂತ ಕುಣಿಯುತ್ತಿತ್ತು. ಕೊನೆಗೆ ಉತ್ತರವೇ ಇಲ್ಲ. ಆಮೇಲೆ ಅಟ್ಟದಿಂದ 15 ಮೀಟರ್ ಕೇಬಲ್ ಹುಡುಕಿ ತೆಗೆದು, ರೌಟರ್‌ನಿಂದ ಲ್ಯಾಪ್‌ಟಾಪಿಗೆ ಚಾವಡಿಯ ಅಡ್ಡಕ್ಕೆ ಎಳೆದೆ. ಉತ್ತರ ಒಂದು ಮಿಲಿಸೆಕೆಂಡಿಗೂ ಒಳಗೆ, ಬಿಡದೆ. ಅಮ್ಮ ಎರಡು ಸಲ ಎಡವಿದರು. "ಇದೆಂತದು, ಮನೆಯೊಳಗೆ ಬೇಲಿ?" ಅಂತ ಕೇಳಿದ ಮೇಲೆ ಸುತ್ತಿಟ್ಟೆ. ಅಷ್ಟರಲ್ಲಿ ಬೇಕಾದ್ದು ತಿಳಿದಿತ್ತು. ಲೈನ್ ಅಲ್ಲ, ರೌಟರ್ ಅಲ್ಲ, ಲ್ಯಾಪ್‌ಟಾಪಿನ ವೈಫೈಯೇ.

ಲ್ಯಾಪ್‌ಟಾಪ್ ತನ್ನ ಆಗುಹೋಗು ಬರೆದಿಡುವ ಲಾಗ್ ತೆರೆದು ನೋಡಿದೆ. ಪ್ರತಿ ಸಲ ಕಡಿದಾಗಲೂ ಒಂದೇ ಸಾಲು: ಡಿಸ್ಕನೆಕ್ಟೆಡ್, ರೀಸನ್ 4, ಲೋಕಲಿ ಜನರೇಟೆಡ್ 1. ಕೊನೆಯ ಆ 1 ಇದೆಯಲ್ಲ, ಅದು ಮುಖ್ಯ. ರೌಟರ್ ಇದನ್ನು ಹೊರಗೆ ಹಾಕಿದ್ದಲ್ಲ, ಲ್ಯಾಪ್‌ಟಾಪೇ ಕೈಬಿಟ್ಟದ್ದು ಅಂತ ಅರ್ಥ. ರೌಟರ್‌ನ ದನಿ ಕೇಳಿಸುತ್ತಿಲ್ಲ ಅಂತ ತೀರ್ಮಾನ ಮಾಡಿ ತಾನಾಗಿಯೇ ಎದ್ದು ಹೋಗಿದೆ. ಯಾಕೆ ಕೇಳಿಸಲಿಲ್ಲ?

ಅಪ್‌ಡೇಟ್ ಮೇಲೆ ಅನುಮಾನ ಬಂದರೆ ಲಿನಕ್ಸ್‌ನಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಹಳೆಯ ಕರ್ನಲ್ ಅಳಿಸಿ ಹೋಗಿರುವುದಿಲ್ಲ. ಶುರುವಾಗುವಾಗ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಅದನ್ನೇ ಆರಿಸಿಕೊಳ್ಳಬಹುದು. ಮಾಡಿದೆ. ಟೈಪ್ ಮಾಡುವಾಗಿನ ತೊದಲು ನಿಂತಿತು. ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಮಧ್ಯಾಹ್ನ ಮತ್ತೆ ಎರಡು ಸಲ ಕಡಿಯಿತು! ನನಗೆ ತಲೆ ಕೆಟ್ಟದ್ದು ಇಲ್ಲೇ. ಅಪ್‌ಡೇಟ್ ತಪ್ಪು ಅಂದರೆ ಪೂರ್ತಿ ಸರಿಯಾಗಬೇಕು, ಅಲ್ಲದಿದ್ದರೆ ಏನೂ ಆಗಬಾರದು. ಅರ್ಧ ಸರಿಯಾಗುವುದು ಅಂದರೆ ಎಂತ?

ಅರ್ಧವನ್ನು ಅರ್ಧ ಅಂತಲೇ ಹಿಡಿದೆ. ಆ ತೊದಲಿನ ಮೂಲ ವೈಫೈಯ ಪವರ್‌ಸೇವ್. ಇದು ಕೆಲಸ ಮಾಡುವ ರೀತಿ ನನಗೆ ಯಾವಾಗಲೂ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವ ಅಜ್ಜನನ್ನು ನೆನಪಿಸುತ್ತದೆ. ಅಜ್ಜ ಗದ್ದೆಯಲ್ಲಿ ಕುರ್ಚಿಗೆ ಒರಗಿ ತೂಕಡಿಸುತ್ತಿದ್ದರು. ಚೆಂಡೆ ಪೆಟ್ಟು ಬಿದ್ದಾಗ ಮಾತ್ರ ಕಣ್ಣು ಬಿಟ್ಟು, ರಂಗಸ್ಥಳಕ್ಕೆ ಯಾರು ಬಂದರು ನೋಡಿ, ತಮಗೆ ಬೇಕಾದ ವೇಷ ಅಲ್ಲದಿದ್ದರೆ ಮತ್ತೆ ಕಣ್ಣು ಮುಚ್ಚುತ್ತಿದ್ದರು. ರೌಟರ್ ಕೂಡ ಸೆಕೆಂಡಿಗೆ ಸುಮಾರು ಹತ್ತು ಸಲ ಹೀಗೆ ಒಂದು ಪೆಟ್ಟು ಕೊಡುತ್ತದೆ, ಬೀಕನ್ ಅಂತ ಅದರ ಹೆಸರು. ಬ್ಯಾಟರಿ ಉಳಿಸಲು ನಿದ್ದೆ ಹೋದ ವೈಫೈ ಕಾರ್ಡು ಆ ಪೆಟ್ಟಿಗೆ ಎದ್ದು, ನನಗೇನಾದರೂ ಬಂದಿದೆಯಾ ನೋಡಿ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಅಷ್ಟು ಹೊತ್ತು ನನ್ನ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕುಗಳನ್ನು) ರೌಟರ್ ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಅಕ್ಷರಗಳು ತಡೆದು ತಡೆದು ಒಟ್ಟಿಗೆ ಉದುರುತ್ತಿದ್ದದ್ದು ಇದರಿಂದ. ನಿದ್ದೆ ಜಾಸ್ತಿಯಾಗಿ ಸಾಲಾಗಿ ಪೆಟ್ಟುಗಳು ತಪ್ಪಿಹೋದರೆ, ಆಟ ಮುಗಿಯಿತು ಅಂದುಕೊಂಡು ಮನೆಗೆ ಹೊರಡುತ್ತದೆ.

ಲಿನಕ್ಸ್‌ನಲ್ಲಿ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ನ ಫೈಲಿನಲ್ಲಿ ವೈಫೈ ಪವರ್‌ಸೇವ್ ಎಂಬ ಸಾಲಿನ ಮುಂದೆ 3 ಅಂತ ಇತ್ತು. ಇಲ್ಲಿ 3 ಅಂದರೆ ಆನ್, 2 ಅಂದರೆ ಆಫ್. ಸೊನ್ನೆ, ಒಂದು ಅಂತ ಇಟ್ಟಿದ್ದರೆ ಮನುಷ್ಯರಿಗೆ ಅರ್ಥವಾಗುತ್ತಿತ್ತು, ಇರಲಿ. ಈ 3 ಮೊದಲಿನಿಂದಲೂ ಇದ್ದದ್ದೇ. ಹಳೆಯ ಕರ್ನಲ್‌ನೊಳಗಿನ ಡ್ರೈವರ್, ಅಂದರೆ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ, ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ, ಹೊಸದು ಅಕ್ಷರಶಃ ಪಾಲಿಸಲು ಹೊರಟಿತು ಅಂತ ನನ್ನ ಊಹೆ. 2 ಮಾಡಿ, ಹೊಸ ಕರ್ನಲ್‌ಗೇ ವಾಪಸ್ ಬಂದು, ಪಿಂಗ್ ಹಾಕಿದೆ. 3, 2, 3, 4, 3. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು. ನಾನು ಹೇಗೂ ಚಾರ್ಜರ್ ಸಿಕ್ಕಿಸಿಯೇ ಕೂರುವವಳು.

ತೊದಲು ಹೋಯಿತು. ಆದರೆ ಕಡಿಯುವುದು ಪೂರ್ತಿ ಹೋಗಲಿಲ್ಲ.

ಐದನೇ ದಿನ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ, ಕಡಿದ ಹೊತ್ತನ್ನೆಲ್ಲ ಬರೆಯುತ್ತಾ ಹೋದೆ. 10:02. 11:01. 12:03. 1:02. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಮಳೆ ಗಂಟೆ ನೋಡಿಕೊಂಡು ಬರುವುದಿಲ್ಲ. ಗೋಡೆಯೂ ಗಂಟೆಗೊಮ್ಮೆ ಒದ್ದೆಯಾಗುವುದಿಲ್ಲ. ಗಂಟೆಗೊಮ್ಮೆ ನಡೆಯುವುದು ನನ್ನ ಮೇಜಿನ ಮೇಲೆ ಒಂದೇ ಒಂದು.

ಅಪ್‌ಡೇಟ್ ಮಾಡುವ ಮುಂಚೆ, ಏನಾದರೂ ಹೆಚ್ಚುಕಡಿಮೆ ಆದರೆ ಅಂತ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆದಿದ್ದೆ. ಅದೇ ಹುಮ್ಮಸ್ಸಿನಲ್ಲಿ, ಇನ್ನು ಗಂಟೆಗೊಮ್ಮೆ ತಾನಾಗಿಯೇ ಬ್ಯಾಕಪ್ ಆಗಲಿ ಅಂತಲೂ ಸೆಟ್ ಮಾಡಿ, ಡಿಸ್ಕನ್ನು ಲ್ಯಾಪ್‌ಟಾಪಿನ ಎಡಬದಿಗೆ ಸಿಕ್ಕಿಸಿಯೇ ಬಿಟ್ಟಿದ್ದೆ. ಅಂಗೈ ಉದ್ದದ ಕೇಬಲ್. ಪರದೆಗೆ ಒರಗಿಯೇ ಕೂತಿತ್ತು ಅದು. "ಅಪ್‌ಡೇಟ್ ಆದಮೇಲೆ ಶುರುವಾಯಿತು" ಅಂತ ಐದು ದಿನ ಕಂಡವರಿಗೆಲ್ಲ ಹೇಳಿದ್ದೆ. ಆ ದಿನ ಬದಲಾದದ್ದು ಎರಡು ವಸ್ತು ಅಂತ ಹೊಳೆಯಲೇ ಇಲ್ಲ.

ಡಿಸ್ಕ್ ಸಿಕ್ಕಿಸಿದ್ದು ಯುಎಸ್‌ಬಿ 3 ಪೋರ್ಟಿಗೆ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇದೇನೂ ಗುಟ್ಟಲ್ಲ, 2012ರಲ್ಲೇ ಇಂಟೆಲ್‌ನವರು ಅಳೆದು ನೋಡಿ ಬರೆದಿಟ್ಟಿದ್ದಾರೆ. ಗದ್ದಲ ದೂರ ಹೋಗುವುದಿಲ್ಲ, ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಇರುವುದೇ ಪರದೆಯ ಚೌಕಟ್ಟಿನೊಳಗೆ. ಕಿವಿಯ ಬುಡದಲ್ಲೇ ಚೆಂಡೆ ಬಾರಿಸಿದರೆ ಚಾವಡಿಯಿಂದ ಕರೆದದ್ದು ಕೇಳಿಸುತ್ತದಾ? 5 ಗಿಗಾಹರ್ಟ್ಸ್‌ನಲ್ಲಿದ್ದರೆ ಇದು ತಟ್ಟುತ್ತಿರಲಿಲ್ಲ. ನಾನು ಮುರಕಲ್ಲಿನ ದೆಸೆಯಿಂದ 2.4ರಲ್ಲಿದ್ದೆ. ದೂರ ಇಟ್ಟಿದ್ದ ಫೋನಿಗೆ ಏನೂ ಆಗದಿದ್ದದ್ದೂ, ಹಳೆಯ ಕರ್ನಲ್ ಅರ್ಧ ಮಾತ್ರ ವಾಸಿ ಮಾಡಿದ್ದೂ ಈಗ ಲೆಕ್ಕಕ್ಕೆ ಸಿಕ್ಕಿತು.

ಡಿಸ್ಕ್ ಕಿತ್ತೆ. 2:00, 3:00, 4:00. ಏನೂ ಇಲ್ಲ. ಖಾತ್ರಿಗೆ ಅಂತ ಮತ್ತೆ ಸಿಕ್ಕಿಸಿ ಒಂದು ದೊಡ್ಡ ಫೈಲ್ ಕಾಪಿ ಮಾಡಿದೆ. ಪಿಂಗ್ ಎರಡೇ ನಿಮಿಷಕ್ಕೆ ನೆಲಕಚ್ಚಿತು. ಕೆಟ್ಟದ್ದನ್ನು ಬೇಕೆಂದೇ ಮತ್ತೆ ಕೆಡಿಸಿ ನೋಡುವ ಸುಖ ಈ ಕೆಲಸ ಮಾಡುವವರಿಗೇ ಗೊತ್ತು.

ಈಗ ಡಿಸ್ಕ್ ಒಂದು ಮೀಟರ್ ಉದ್ದದ ದಪ್ಪ ಕೇಬಲ್ ಹಾಕಿಸಿಕೊಂಡು, ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತಿದೆ. ಬ್ಯಾಕಪ್ ರಾತ್ರಿ ಒಂದೇ ಸಲ. ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಹಾಗಾದ್ರೆ ನೀನೇ ಮಾಡಿಕೊಂಡದ್ದು" ಅಂದರು. ಆಗ ನೆನಪಾಯಿತು ನೋಡಿ, ಅದೇ ವಾರ ನನ್ನ ವೈರ್‌ಲೆಸ್ ಮೌಸ್ ಕೂಡ ಆಗಾಗ ನಿಂತು ನಿಂತು ಹೋಗುತ್ತಿತ್ತು. ಅದೂ 2.4 ಗಿಗಾಹರ್ಟ್ಸ್‌ನದೇ, ಅದರ ಪುಟ್ಟ ರಿಸೀವರ್ ಇದ್ದದ್ದೂ ಡಿಸ್ಕಿನ ಪಕ್ಕದ ಪೋರ್ಟಿನಲ್ಲಿ. ನಾನು ಸೆಲ್ ಮುಗಿದಿರಬೇಕು ಅಂತ ಹೊಸದು ತಂದು ಹಾಕಿದ್ದೆ. ಸುಮ್ನೆ ತೆಗೆದಿಟ್ಟಿದ್ದ ಆ ಹಳೆಯ ಸೆಲ್ ಎರಡೂ ಈಗ ಟಿವಿ ರಿಮೋಟಿನಲ್ಲಿವೆ. ಚೆನ್ನಾಗಿಯೇ ಓಡುತ್ತಿವೆ.