ತುಂಗೆಯ ಎದುರು ದಿಕ್ಕಿಗೆ: ಶಿವಮೊಗ್ಗದಿಂದ ಆಗುಂಬೆಯವರೆಗೆ ಒಂದು ದಿನ

ಶಿವಮೊಗ್ಗ ಜಿಲ್ಲೆ ನೋಡಲು ಬಂದವರು ಮೊದಲು ಜೋಗಕ್ಕೆ ಹೋಗುತ್ತಾರೆ. ಹೋಗಬೇಕಾದದ್ದೇ. ಆದರೆ ಮಲೆನಾಡು ಎಲ್ಲಿ ಶುರುವಾಗುತ್ತದೆ, ಮಳೆ ಹೆಜ್ಜೆಹೆಜ್ಜೆಗೂ ಹೇಗೆ ಏರುತ್ತದೆ ಎಂಬುದು ತಿಳಿಯಬೇಕಿದ್ದರೆ ತೀರ್ಥಹಳ್ಳಿಯ ಮೇಲೆ ಆಗುಂಬೆಗೆ ಹೋಗುವ ದಾರಿ ಹಿಡಿಯಬೇಕು. ಒಟ್ಟು 90 ಕಿ.ಮೀ. ಆಸುಪಾಸು. ಶಿವಮೊಗ್ಗ ಪೇಟೆಗೆ ವರ್ಷಕ್ಕೆ ಸಾವಿರ ಮಿ.ಮೀ. ಹತ್ತಿರದ ಮಳೆ, ಆಗುಂಬೆಗೆ ಸರಾಸರಿ 7,000 ಮಿ.ಮೀ. ದಾಟುತ್ತದೆ.

ಸೆಪ್ಟೆಂಬರ್ ಒಳ್ಳೆಯ ಕಾಲ. ಬೆಳಿಗ್ಗೆ ಏಳೂವರೆಗೆ ಹೊರಟರೆ ಗಾಜನೂರು ಅಣೆಕಟ್ಟೆ ದಾಟಿ 14 ಕಿ.ಮೀ.ಗೆ ಸಕ್ರೆಬೈಲು ಆನೆ ಬಿಡಾರ. ಆನೆಗಳನ್ನು ಕಾಡಿನಿಂದ ಕರೆತಂದು ಹಿನ್ನೀರಿನಲ್ಲಿ ಮೀಯಿಸುವುದು ಬೆಳಗಿನ ಹೊತ್ತು ಮಾತ್ರ. ತಡವಾಗಿ ಬಂದರೆ ಆನೆಗಳು ಮತ್ತೆ ಕಾಡು ಸೇರಿರುತ್ತವೆ.

30ನೇ ಕಿ.ಮೀ. ಹತ್ತಿರ ಮಂಡಗದ್ದೆ. ರಸ್ತೆಗೆ ಅಂಟಿಕೊಂಡೇ ತುಂಗೆ, ನಡುವೆ ಪುಟ್ಟ ನಡುಗಡ್ಡೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಇಲ್ಲಿ ಗೂಡು ಕಟ್ಟುತ್ತವೆ. ಸುತ್ತಲೂ ಹರಿಯುವ ನೀರೇ ಅವಕ್ಕೆ ಬೇಲಿ. ಆದರೆ ಹೊಳೆ ವಿಪರೀತ ಏರಿದರೆ ಕೆಳಗಿನ ಟೊಂಗೆಯ ಗೂಡುಗಳಿಗೆ ಆ ನೀರೇ ಅಪಾಯ. ದಡದ ವೀಕ್ಷಣಾ ಗೋಪುರದಿಂದ ಬರಿಗಣ್ಣಿಗೂ ಕಾಣುತ್ತದೆ, ದುರ್ಬೀನು ಇದ್ದರೆ ಮರಿಗಳ ಕೊಕ್ಕೂ ಕಾಣುತ್ತದೆ.

ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ, ಪೆಟ್ರೋಲ್ ತುಂಬಿಸಿಕೊಳ್ಳುವುದು ಕ್ಷೇಮ. ಸೇತುವೆ ದಾಟಿದ ಮೇಲೆ ತುಂಗೆ ಶೃಂಗೇರಿಯ ಕಡೆಗೆ ಉಳಿಯುತ್ತಾಳೆ, ರಸ್ತೆ ಪಶ್ಚಿಮಕ್ಕೆ ಹೊರಳುತ್ತದೆ. ಇಲ್ಲಿಂದ ಗುಡ್ಡದ ಮೇಲೆ ಕಾಡು, ಕಣಿವೆಯಲ್ಲಿ ಅಡಿಕೆ ತೋಟ, ನಡುವೆ ಗದ್ದೆ. ಮಳೆ ಹೆಚ್ಚಿದಷ್ಟೂ ತೋಟದವರಿಗೆ ಕೊಳೆರೋಗದ ಚಿಂತೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಈ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಗೊನೆಗೆ ಹೊಡೆಯಬೇಕು. ಎರಡನೇ ಸಲ ಹೊಡೆಯುವ ಹೊತ್ತಿಗೆ ಮಳೆ ಬಿಡುವು ಕೊಡದಿದ್ದರೆ ಕಾಯಿ ಉದುರಿ ತೋಟದ ನೆಲ ಹಸಿರಾಗುತ್ತದೆ. ಪ್ರವಾಸಿಗರು ಸಂಭ್ರಮಿಸುವ ಜಡಿಮಳೆಗೆ ಈ ಇನ್ನೊಂದು ಮುಖವೂ ಇದೆ.

ಗುಡ್ಡೇಕೇರಿಯಿಂದ ಕುಂದಾದ್ರಿಗೆ ದಾರಿ ಕವಲೊಡೆಯುತ್ತದೆ. ಎತ್ತರ 826 ಮೀಟರ್. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯ ನಡುವೆ ಕೊಳ. ಕೊನೆಯ ತಿರುವುಗಳು ಬಲು ಕಡಿದು. ಮೊದಲನೇ ಗೇರಿನಲ್ಲೇ ಏರಬೇಕು, ಇಳಿಯುವಾಗಲೂ ಅದೇ ಗೇರು. ಬರೀ ಬ್ರೇಕ್ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಬಂಡೆಯ ಮೇಲೆ ಪಾಚಿ ಇರುವುದರಿಂದ ಅಂಚಿಗೆ ಹೋಗಬಾರದು. ಮಂಜು ಮುಸುಕಿದ್ದರೆ ಅರ್ಧ ಗಂಟೆ ಕಾಯಿರಿ. ಗಾಳಿ ಬೀಸಿದರೆ ಕಣಿವೆಯೆಲ್ಲ ತೆರೆದುಕೊಳ್ಳುತ್ತದೆ.

ಆಗುಂಬೆ ಇರುವುದು 640 ಮೀಟರ್ ಎತ್ತರದಲ್ಲಿ, ಘಟ್ಟದ ತುಟಿಯ ಮೇಲೆ. ಅರಬ್ಬಿ ಸಮುದ್ರದ ತೇವದ ಗಾಳಿ ಕರಾವಳಿ ದಾಟಿ ಬಂದು ಈ ಗೋಡೆಗೆ ಬಡಿಯುತ್ತದೆ, ಮೇಲೇರಿ ತಣಿಯುತ್ತದೆ, ಹೊತ್ತ ನೀರನ್ನು ಇಲ್ಲೇ ಸುರಿಯುತ್ತದೆ. ಒಳನಾಡಿಗೆ ಸಾಗುವಷ್ಟರಲ್ಲಿ ಮೋಡ ಬಡವಾಗಿರುತ್ತದೆ. ನೀರೂ ಇಲ್ಲಿ ಪಾಲಾಗುತ್ತದೆ: ಸೀತಾ ನದಿ ಬರ್ಕಣದಲ್ಲಿ ಧುಮುಕಿ ಪಶ್ಚಿಮದ ಸಮುದ್ರ ಸೇರಿದರೆ, ತುಂಗೆಯ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ.

ಕಾಡಿನೊಳಗಿನ ಜಲಪಾತಗಳಿಗೆ ಮಳೆಗಾಲದಲ್ಲಿ ಹೋಗುವ ಆಸೆ ಬೇಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾವ ಕಾಲದಲ್ಲೂ ಬೇಡ. ಇದು ಕಾಳಿಂಗ ಸರ್ಪದ ನೆಲೆ. ಇಂಬಳವಂತೂ ಎಲ್ಲೆಲ್ಲೂ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಬೆರೆಸಿ ಹಚ್ಚಿಕೊಂಡರೆ ದೂರವಿರುತ್ತದೆ. ಹಿಡಿದುಕೊಂಡರೆ ಕಿತ್ತೆಳೆಯಬಾರದು, ಉಗುರಿನಿಂದ ಅದರ ಬಾಯಿಯ ಬದಿಯನ್ನು ಸರಿಸಿದರೆ ಸಾಕು.

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಆಸೆ ಇದ್ದವರು ನವೆಂಬರ್‌ನಿಂದ ಜನವರಿಯೊಳಗೆ ಬನ್ನಿ. ಮಳೆಗಾಲದಲ್ಲಿ ಅಲ್ಲಿ ಬಿಳಿ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಎಲ್ಲೂ ಗಾಡಿ ನಿಲ್ಲಿಸಬೇಡಿ. ಗುಡ್ಡ ಜರಿದಾಗ ಸಂಚಾರ ನಿಲ್ಲಿಸುತ್ತಾರೆ, ಆದ್ದರಿಂದ ಘಟ್ಟದ ಕೆಳಗಿನ ಸೋಮೇಶ್ವರಕ್ಕೆ ಇಳಿಯುವ ಮುಂಚೆ ಊರಿನ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿ. ತೀರ್ಥಹಳ್ಳಿಗೆ ಮರಳುವವರು ನಾಲ್ಕು ಗಂಟೆಗೇ ಹೊರಡಿ, ಆಮೇಲೆ ಮಂಜು ರಸ್ತೆಗೇ ಇಳಿಯುತ್ತದೆ.